ಈಜಕ್ಕನ ಉಸಿರು

ಆ ಊರಿನಲ್ಲಿ ಮೀಸೆ ನರೆತ ಯಾವ ಗಂಡಸನ್ನಾದರೂ, ಕನ್ನಡಕ ಬಂದ ಯಾವ ಹೆಂಗಸನ್ನಾದರೂ ನಿಮಗೆ ಈಜು ಕಲಿಸಿದ್ದು ಯಾರು ಎಂದು ಕೇಳಿದರೆ ಬರುತ್ತಿದ್ದ ಉತ್ತರ ಒಂದೇ: ಈಜಕ್ಕ. ಹೆತ್ತವರು ಅವಳಿಗೆ ಬೇರೆ ಹೆಸರು ಇಟ್ಟಿದ್ದರು, ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಒಮ್ಮೆ ಹೊಸ ಅಂಚೆಯವನು ಆ ಹೆಸರನ್ನು ಬೀದಿಯಲ್ಲೆಲ್ಲ ವಿಚಾರಿಸಿ, ಕೊನೆಗೆ ಅವಳ ಮನೆಯ ಜಗಲಿಯಲ್ಲೇ ಕೂತು ಅವಳ ಕೈಯಿಂದಲೇ ನೀರು ಇಸಿದುಕೊಂಡು ಕುಡಿದು, ಅಂಥವರು ಇಲ್ಲಿ ಯಾರೂ ಇಲ್ಲವಂತೆ ಎಂದು ಹೇಳಿ ಹೊರಟುಹೋಗಿದ್ದ. ಅವನು ಬೀದಿಯ ತುದಿ ತಲುಪಿದ ಮೇಲೆ ಅವಳಿಗೆ ಅದು ತನ್ನದೇ ಹೆಸರು ಎಂದು ನೆನಪಾಗಿ ಓಡಿಹೋಗಿ ಅವನನ್ನು ಹಿಡಿದಿದ್ದಳಂತೆ.

ಅವಳ ಅಪ್ಪ ದೋಣಿ ನಡೆಸುತ್ತಿದ್ದವನು. ಸೇತುವೆ ಬಂದು ದೋಣಿ ಮೂಲೆಗೆ ಬಿದ್ದ ಮೇಲೂ ಮಗಳು ಹೊಳೆಯನ್ನು ಬಿಡಲಿಲ್ಲ. ದಡದ ಕಲ್ಲು ಮೆಟ್ಟಿಲ ಮೇಲೆ ನಿಂತು ಊರಿನ ಮಕ್ಕಳಿಗೆ ಈಜು ಕಲಿಸತೊಡಗಿದಳು. ಖಾಲಿ ಎಣ್ಣೆ ಡಬ್ಬವನ್ನು ಮಗುವಿನ ಬೆನ್ನಿಗೆ ಕಟ್ಟಿ ನೀರಿಗೆ ಇಳಿಸುವಳು. ದಿನ ಕಳೆದಂತೆ, ಮಗುವಿಗೆ ತಿಳಿಯದ ಹಾಗೆ, ಆ ಡಬ್ಬದೊಳಗೆ ಸ್ವಲ್ಪ ಸ್ವಲ್ಪವೇ ನೀರು ತುಂಬಿಸುತ್ತ ಬರುವಳು. ಕೊನೆಗೊಂದು ದಿನ ಪೂರ್ತಿ ತುಂಬಿದ ಡಬ್ಬವನ್ನು ಹೊತ್ತುಕೊಂಡೇ ಮಗು ಹೊಳೆಯ ನಡುವಿನ ಬಂಡೆ ಮುಟ್ಟಿ ಬಂದಾಗ, ಡಬ್ಬ ಬಿಚ್ಚಿ ಎಲ್ಲರ ಎದುರಿಗೆ ನೀರು ಸುರಿದು ತೋರಿಸುವಳು. ಮಗು ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು. ಅಂದಿನಿಂದ ಅದಕ್ಕೆ ಡಬ್ಬದ ಹಂಗು ಇರುತ್ತಿರಲಿಲ್ಲ.

ಬೇಕರಿಯವನು ಮಾತ್ರ ಮದುವೆಯಾಗಿ ಮಕ್ಕಳಾದ ಮೇಲೆ ಕಲಿಯಲು ಬಂದವನು. ಮೂರು ಹೊತ್ತೂ ಮಾತಾಡುವ ಆಸಾಮಿ. ನೀರಿನಲ್ಲಿ ಕಲ್ಲಿನ ಹಾಗೆ ಇಳಿದುಬಿಡುತ್ತಿದ್ದ. ನೀನು ಮುಳುಗುವುದು ಮೈಭಾರಕ್ಕಲ್ಲ ಮಾರಾಯ, ಒಂದು ಗಳಿಗೆ ಬಾಯಿ ಮುಚ್ಚು, ತಾನಾಗಿ ತೇಲುತ್ತೀಯ ಎಂದು ಅವಳು ಹೇಳಿದ್ದು ಊರಲ್ಲಿ ವರ್ಷಗಟ್ಟಲೆ ನಗೆಯಾಗಿ ಓಡಾಡಿತು. ಈಜಕ್ಕನ ಸ್ವಂತ ಹೆಗ್ಗಳಿಕೆ ಎಂದರೆ ಅವಳ ಉಸಿರು. ಮೆಟ್ಟಿಲ ಬಳಿ ಮುಳುಗಿದರೆ ಬಂಡೆಯ ಆಚೆ ಏಳುತ್ತಿದ್ದಳು. ದಡದಲ್ಲಿ ಮೂಗು ಹಿಡಿದು ಪಂದ್ಯ ಕಟ್ಟಿದ ಮಕ್ಕಳು ಒಬ್ಬೊಬ್ಬರಾಗಿ ಕೆಂಪಗಾಗಿ ಉಸಿರು ಬಿಡುತ್ತಿದ್ದರು, ಅವಳ ತಲೆ ಇನ್ನೂ ಕಾಣಿಸುತ್ತಿರಲಿಲ್ಲ.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಬಂದಾಗ ಖುಷಿಪಟ್ಟವರಲ್ಲಿ ಅವಳೂ ಒಬ್ಬಳು. ಖುಷಿಪಡದೆ ಇರುವುದು ಹೇಗೆ? ಕೆಲಸವಿಲ್ಲದೆ ಸೇತುವೆಯ ಕಟ್ಟೆ ಕಾಯುತ್ತಿದ್ದ ತಮ್ಮನಿಗೆ ಅಲ್ಲಿ ಕೆಲಸ ಸಿಕ್ಕಿತು, ಪಂಪು ಮತ್ತು ವಾಲ್ವುಗಳ ವಿಭಾಗದಲ್ಲಿ. ಮೊದಲ ಸಂಬಳದಲ್ಲಿ ಅವನು ಅಕ್ಕನಿಗೆ ಒಂದು ಫ್ಯಾನು ತಂದು ತಾನೇ ಮಾಡಿಗೆ ಸಿಕ್ಕಿಸಿ, ಗುಂಡಿ ಒತ್ತಿ, ಅಂಗಾತ ಮಲಗು ಅಕ್ಕ, ರಾಣಿ ಹಾಗೆ ಗಾಳಿ ತಗೋ ಎಂದಿದ್ದ. ರಸ್ತೆ ಅಗಲವಾಯಿತು, ಬೀದಿಗೆ ದೀಪ ಬಂತು, ಬೇಕರಿಯವನು ಬ್ರೆಡ್ ಹಂಚಲು ವ್ಯಾನು ಕೊಂಡ. ಬಣ್ಣದ ಕಾರ್ಖಾನೆಯ ಹಿಂದೆ ಅದೇ ಕಂಪನಿಯ ಬ್ಯಾಟರಿಯದು ಬಂತು, ಆಮೇಲೆ ರಬ್ಬರಿನದು. ಎಲ್ಲದಕ್ಕೂ ಹೊಳೆಯ ನೀರು ಬೇಕಿತ್ತು, ಬಳಸಿದ ನೀರು ಬಿಡಲಿಕ್ಕೂ ಹೊಳೆಯೇ ಬೇಕಿತ್ತು.

ಮೊದಲು ಹೊಳೆಗೆ ಬಣ್ಣ ಬಂತು. ಬೆಳಿಗ್ಗೆ ನೀಲಿ ಹರಿದರೆ ಸಂಜೆ ಕುಂಕುಮ ಕದಡಿದ ಹಾಗೆ. ಇವತ್ತು ಯಾವ ಬಣ್ಣದ ಬಟ್ಟೆಗೆ ಆರ್ಡರು ಬಂದಿದೆ ಅಂತ ಹೊಳೆ ನೋಡಿ ಹೇಳಬಹುದು ಎಂದು ಜನ ತಮಾಷೆ ಮಾಡಿದರು. ಆಮೇಲೆ ಈಜಿ ಬಂದ ಮಕ್ಕಳ ಮೈ ತುರಿಸತೊಡಗಿತು. ತಾಯಂದಿರು ಮಕ್ಕಳನ್ನು ಕಳಿಸುವುದನ್ನು ಒಂದು ಮನೆಯವರ ಹಿಂದೆ ಒಂದು ಮನೆಯವರು ನಿಲ್ಲಿಸಿದರು. ಎದುರು ಸಿಕ್ಕರೆ ಪರೀಕ್ಷೆ ಇದೆ ಅಕ್ಕ, ನೆಗಡಿ ಅಕ್ಕ ಎಂದು ಏನೋ ಒಂದು ಹೇಳುವರು. ಅವಳು ಯಾರ ಮೇಲೂ ಮುನಿಸಿಕೊಳ್ಳಲಿಲ್ಲ. ತಾನೇ ಇಳಿದರೆ ತೋಳಿನ ಮೇಲೆ ಕೆಂಪಗೆ ಗಂದೆ ಏಳುತ್ತಿತ್ತು. ಕೊನೆಗೆ ನೊರೆ ಬಂತು, ಮೊದಲು ದಡದಂಚಿನಲ್ಲಿ, ಆಮೇಲೆ ಈ ದಡದಿಂದ ಆ ದಡಕ್ಕೆ ಹಾಸಿದ ಹಾಗೆ.

ಗಾಳಿಯದು ಇನ್ನೊಂದು ಕತೆ. ಒಣಹಾಕಿದ ಬಟ್ಟೆಯ ಮೇಲೆ ಕರಿ ಪುಡಿ ಕೂರುತ್ತಿತ್ತು. ಕಿಟಕಿ ತೆರೆದಿಟ್ಟರೆ ನಾಲಿಗೆಯ ಮೇಲೆ ಕಬ್ಬಿಣ ನೆಕ್ಕಿದ ರುಚಿ. ಈಜಕ್ಕನಿಗೆ ಕೆಮ್ಮು ಹತ್ತಿಕೊಂಡಿತು, ಒಮ್ಮೆ ಶುರುವಾದರೆ ಬಗ್ಗಿ ಗೋಡೆ ಹಿಡಿದುಕೊಳ್ಳಬೇಕು, ಅಂಥ ಕೆಮ್ಮು. ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಬೀಡಿ ಸಿಗರೇಟು ಏನಾದರೂ ಸೇದುತ್ತೀರಾ ಎಂದು ವಿಚಾರಿಸಿದರು. ನಾನು ಸೇದಲ್ಲ ಡಾಕ್ಟ್ರೇ, ನಮ್ಮೂರೇ ಸೇದುತ್ತೆ ಎಂದಳು ಇವಳು. ಡಾಕ್ಟರು ನಕ್ಕು, ಆಮೇಲೆ ನಗು ನಿಲ್ಲಿಸಿ ಔಷಧಿ ಬರೆದುಕೊಟ್ಟರು.

ಈಜು ನಿಂತ ಮೇಲೆ ಹೊಟ್ಟೆಪಾಡಿಗೆ ಅವಳು ಕಾರ್ಖಾನೆಗೆ ಹೋಗುವ ಹೆಂಗಸರ ಮಕ್ಕಳನ್ನು ಹಗಲು ಹೊತ್ತು ತನ್ನ ಮನೆಯಲ್ಲಿ ನೋಡಿಕೊಳ್ಳತೊಡಗಿದಳು. ನಡುಮನೆಯಲ್ಲಿ ಚಾಪೆ ಹಾಸಿ, ಫ್ಯಾನು ಹಾಕಿ, ಊಟ ಮಾಡಿಸಿ, ಮಲಗಿಸಿ, ಸೈರನ್ ಕೂಗಿದ ಮೇಲೆ ಮಕ್ಕಳ ಮುಖ ತೊಳೆದು ತಾಯಂದಿರಿಗೆ ಒಪ್ಪಿಸುವುದು. ಆ ಮಕ್ಕಳಲ್ಲಿ ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬಳ ಮಗಳೂ ಇದ್ದಳು. ಶಾಲೆಗೆ ಸೇರಿಸಲು ಇನ್ನೂ ಒಂದು ವರ್ಷ ಬಾಕಿ. ತಾಯಿ ಹೊಸದಾಗಿ ಊರಿಗೆ ಬಂದವಳು, ಗಂಡ ದೂರದ ಇನ್ಯಾವುದೋ ಕಾರ್ಖಾನೆಯಲ್ಲಿ. ಆ ಹುಡುಗಿಗೆ ಯಾಕೆ ಎಂದು ಕೇಳದೆ ಅನ್ನ ಇಳಿಯುತ್ತಿರಲಿಲ್ಲ. ಫ್ಯಾನು ಯಾಕೆ ಸುತ್ತುತ್ತೆ, ನಿಮ್ಮ ಕೂದಲು ಯಾಕೆ ಬೆಳ್ಳಗೆ, ಹೊಳೆಗೆ ಯಾಕೆ ಅಷ್ಟು ಸೋಪು ಹಾಕಿದಾರೆ. ಈಜಕ್ಕ ಅವಳಿಗೆ ಯಾಕಮ್ಮ ಎಂದೇ ಹೆಸರಿಟ್ಟಿದ್ದಳು. ಯಾಕಮ್ಮ, ಬಾ ತಲೆ ಬಾಚುತ್ತೀನಿ ಅಂದರೆ, ಯಾಕೆ ಎಂದೇ ಓಡಿಬರುವಳು.

ಅದು ನಡೆದದ್ದು ಒಂದು ಮಧ್ಯಾಹ್ನ. ಆ ದಿನ ಬಣ್ಣದ ಕಾರ್ಖಾನೆಯವರು ಎಂದಿಗಿಂತ ಹೆಚ್ಚು ನೀರು ಬಿಟ್ಟಿದ್ದರು. ಒಳಗಿನ ತೊಟ್ಟಿಗಳು ತುಂಬಿ ತುಳುಕುತ್ತಿದ್ದವಂತೆ, ಮೇಲಿನವರು ತೆರೆ ಎಂದರಂತೆ, ಈಜಕ್ಕನ ತಮ್ಮ ತೆರೆದನಂತೆ. ಆ ಪಾಳಿಯ ವಾಲ್ವು ಯಾರ ಕೈಯಲ್ಲಿತ್ತು ಎನ್ನುವುದು ಊರಿಗೆಲ್ಲ ಗೊತ್ತಿದ್ದ ವಿಷಯ, ಮುಚ್ಚಿಡುವಂಥದ್ದಲ್ಲ. ನೊರೆ ಮೆಟ್ಟಿಲು ಹತ್ತಿ, ಗಾಳಿಗೆ ಹರಿದು, ತುಂಡು ತುಂಡಾಗಿ ಬೀದಿಯವರೆಗೂ ಉರುಳಿ ಬಂತು. ಮಕ್ಕಳು ಬಾಗಿಲಲ್ಲಿ ನಿಂತು ಮೋಡ ಇಳಿದಿದೆ ಎಂದು ಕೇಕೆ ಹಾಕಿದವು. ಈಜಕ್ಕ ಎಲ್ಲರನ್ನೂ ಒಳಗೆ ಕರೆದು, ಬಾಗಿಲು ಮುಂದೆ ಮಾಡಿ ಕೂರಿಸಿದಳು. ಆ ವಾಸನೆಗೆ ಅವಳಿಗೆ ಕೆಮ್ಮು ಕೆರಳಿತು. ತಡೆಯಲಾರದೆ ಅಡಿಗೆಮನೆಗೆ ಹೋಗಿ, ಔಷಧಿ ಕುಡಿದು, ಕಟ್ಟೆಗೆ ಒರಗಿ ಉಸಿರು ಕೂಡಿಸಿಕೊಂಡಳು. ಅಷ್ಟೇ ಹೊತ್ತು. ಹೊರಗೆ ಬಂದಾಗ ಬಾಗಿಲು ಅರ್ಧ ತೆರೆದಿತ್ತು. ಚಾಪೆಯ ಮೇಲೆ ಒಂದು ಮಗು ಕಡಿಮೆ ಇತ್ತು.

ಮೆಟ್ಟಿಲವರೆಗೆ ಹೇಗೆ ಓಡಿದಳೋ ಅವಳಿಗೇ ತಿಳಿಯದು. ನೊರೆ ನೆಲದ ಹಾಗೆ ಗಟ್ಟಿಯಾಗಿ ಕಾಣುತ್ತಿತ್ತು. ಮೆಟ್ಟಿಲು ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ದೊಡ್ಡವರಿಗೇ ಗುರುತು ಸಿಗುವಂತಿರಲಿಲ್ಲ. ಸ್ವಲ್ಪ ದೂರದಲ್ಲಿ ಆ ಬಿಳುಪಿನ ನಡುವೆ ಒಂದು ತೂತು ಬಿದ್ದು, ನಿಧಾನವಾಗಿ ಮುಚ್ಚಿಕೊಳ್ಳುತ್ತಿತ್ತು. ಈಜಕ್ಕ ಸೀರೆ ಎತ್ತಿ ಕಟ್ಟಿಕೊಂಡು ಅಲ್ಲಿಗೇ ಹಾರಿದಳು.

ಜೀವಮಾನವೆಲ್ಲ ಕಣ್ಣು ಬಿಟ್ಟುಕೊಂಡು ಈಜಿದ ಹೊಳೆ ಅದು. ಈಗ ಕಣ್ಣು ಬಿಟ್ಟರೆ ಮೆಣಸಿನ ಪುಡಿ ಎರಚಿದಂತೆ ಉರಿಯಿತು. ಒಳಗೆ ಏನೂ ಕಾಣಲಿಲ್ಲ. ಕೈಯಿಂದ ತಡಕಾಡಿದಳು, ಕೆಸರು, ಪ್ಲಾಸ್ಟಿಕ್ಕು, ಮತ್ತೆ ಕೆಸರು. ಬಂಡೆಯ ಆಚೆಯವರೆಗೂ ನಿಲ್ಲುತ್ತಿದ್ದ ಉಸಿರು ನಾಲ್ಕು ಕೈ ಬೀಸುವಷ್ಟರಲ್ಲಿ ಮುಗಿದುಹೋಯಿತು. ಮೇಲೆದ್ದರೆ ಬಾಯಿಗೆ ನುಗ್ಗಿದ್ದು ಗಾಳಿಯಲ್ಲ, ನೊರೆ. ಕೆಮ್ಮುತ್ತಲೇ ಮತ್ತೆ ಮುಳುಗಿದಳು, ಮತ್ತೆ ಎದ್ದಳು, ಮತ್ತೆ ಮುಳುಗಿದಳು. ಇನ್ನು ಆಗುವುದಿಲ್ಲ ಎನ್ನುವಾಗ ಬೆರಳಿಗೆ ಬಟ್ಟೆಯ ಅಂಚು ಸಿಕ್ಕಿತು.

ದಡಕ್ಕೆ ತಂದು ಬೋರಲು ಹಾಕಿ ಬೆನ್ನು ಒತ್ತಿದಳು. ಮಗು ನೀರು ಕಾರಿತು, ನೀಲಿ ನೀರು. ಆಮೇಲೆ ಅಳತೊಡಗಿತು. ಆ ಅಳು ಕೇಳಿ ಈಜಕ್ಕನಿಗೆ ಹೋದ ಜೀವ ಬಂದಂತಾಗಿ, ತೊಡೆಯ ಮೇಲೆ ಕೂರಿಸಿಕೊಂಡು ಸೆರಗಿನಿಂದ ಮುಖ ಒರೆಸಿದಳು.

"ಚಪ್ಪಲಿ ಒಂದು ಹೋಯ್ತು," ಅಂದಳು ಯಾಕಮ್ಮ, ಬಿಕ್ಕುತ್ತ. "ಅಮ್ಮ ಬೈತಾಳೆ."

"ಬೈಯಲ್ಲ ಕಂದಾ. ನಾನು ಹೇಳ್ತೀನಿ."

"ಗಂಟಲು ಯಾಕೆ ಉರಿಯುತ್ತೆ?"

ಈಜಕ್ಕ ಮಗುವನ್ನು ಎತ್ತಿಕೊಂಡಳು. ಸರಿಹೋಗುತ್ತೆ, ಸರಿಹೋಗುತ್ತೆ ಎಂದಷ್ಟೇ ಹೇಳುತ್ತ, ಅಷ್ಟರಲ್ಲಿ ಓಡಿಬಂದ ಬೇಕರಿಯವನ ವ್ಯಾನು ಹತ್ತಿದಳು. ದಾರಿಯುದ್ದಕ್ಕೂ ಮಗು ಮಾತಾಡಿತು, ಆಮೇಲೆ ಮಾತು ನಿಂತು ಉಸಿರು ಮಾತ್ರ ಸೀಟಿಯ ಹಾಗೆ ಕೇಳಿಸಿತು. ಯಾವತ್ತೂ ಬಾಯಿ ಮುಚ್ಚದ ಬೇಕರಿಯವನು ಅವತ್ತು ಒಂದು ಮಾತೂ ಆಡದೆ ವ್ಯಾನು ಓಡಿಸಿದ. ಆಸ್ಪತ್ರೆಯಲ್ಲಿ ಬಾಯಿಗೆ ಕೊಳವೆ ಹಾಕಲು ಹೋದ ಡಾಕ್ಟರು, ಗಂಟಲೆಲ್ಲ ಬೆಂದಿದೆ ಎಂದು ನರ್ಸಿಗೆ ಮೆಲ್ಲಗೆ ಹೇಳಿದ್ದು ಬಾಗಿಲಲ್ಲಿ ನಿಂತ ಈಜಕ್ಕನ ಕಿವಿಗೆ ಬಿತ್ತು. ಸಂಜೆಯ ಸೈರನ್ ಕೂಗುವ ಮೊದಲೇ ಎಲ್ಲ ಮುಗಿಯಿತು. ತಾಯಿಗೆ ಸುದ್ದಿ ಮುಟ್ಟಿದ್ದು ಬೇಗನೇ, ಆದರೆ ಪಾಳಿಯ ನಡುವೆ ಗೇಟು ದಾಟಲು ಸೂಪರ್‌ವೈಸರ್ ಸಹಿ ಬೇಕಿತ್ತು, ಸೂಪರ್‌ವೈಸರ್ ಮೀಟಿಂಗಿನಲ್ಲಿದ್ದ. ಅವಳು ಬಂದಾಗ ಮಗಳ ಮುಖ ಒರೆಸಿ, ಕೂದಲು ಬಾಚಿ, ಹಾಸಿಗೆಯ ಮೇಲೆ ಮಲಗಿಸಿದ್ದರು.

ನೋಡಿಕೊಳ್ಳುವವಳ ಅಜಾಗರೂಕತೆಯಿಂದ ಮಗು ನೀರಿನಲ್ಲಿ ಮುಳುಗಿ ಸತ್ತಿತು ಎಂದು ಕಂಪನಿ ಹೇಳಿತು. ಕಂಪನಿ ಹೇಳಿದ್ದನ್ನೇ ಊರೂ ಹೇಳತೊಡಗಿತು. ಸರ್ಕಾರದ ಕಡೆಯಿಂದ ವಿಚಾರಣೆಗೆ ಅಧಿಕಾರಿ ಬರುತ್ತಾರೆ ಎಂದು ಗೊತ್ತಾದ ಮೇಲೆ ಒಂದು ಬೆಳಿಗ್ಗೆ ತಮ್ಮ ಬಂದ. ಒಳಗೆ ಬಂದವನು ಫ್ಯಾನಿನ ಕೆಳಗೆ ಕೂರದೆ ಹೊಸ್ತಿಲ ಬಳಿಯೇ ಕೂತ. ಕೈಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಬಣ್ಣ. ಮ್ಯಾನೇಜರು ಅವನನ್ನು ಕರೆಸಿ ಮಾತಾಡಿದ್ದರು. ಮಗು ಮುಳುಗಿಯೇ ಸತ್ತಿತು ಎಂದು ನಿಮ್ಮ ಅಕ್ಕ ಒಪ್ಪಿಕೊಂಡರೆ ಅವಳ ಮೇಲೆ ಯಾವ ಕೇಸೂ ಆಗದ ಹಾಗೆ ನಾವು ನೋಡಿಕೊಳ್ಳುತ್ತೇವೆ ಎಂದಿದ್ದರಂತೆ. ಇಲ್ಲವಾದರೆ ಕಾರ್ಖಾನೆಗೆ ಬೀಗ ಬೀಳುತ್ತದೆ, ಅಷ್ಟೂ ಮನೆಗಳ ಒಲೆ ಆರುತ್ತದೆ. ಇದನ್ನೆಲ್ಲ ಅವನು ನೆಲ ನೋಡುತ್ತ ಹೇಳಿದ.

"ನಾನೇನು ಮಾಡ್ಲಿ ಅಕ್ಕ? ತೆರೆ ಅಂದ್ರು, ತೆರೆದೆ. ನಿನ್ನ ಮನೆ ಮುಂದೆ ಮಗು ಇರುತ್ತೆ ಅಂತ ವಾಲ್ವಿಗೆ ಗೊತ್ತಾಗುತ್ತಾ?"

"ನೀನು ಬೇಕು ಅಂತ ಮಾಡಿದೆ ಅಂತ ನಾನು ಅಂದ್ನಾ?"

ಈಜಕ್ಕ ಅವನಿಗೆ ಲೋಟದಲ್ಲಿ ಚಹಾ ತಂದುಕೊಟ್ಟು, ಎದುರಿಗೆ ಕೂತಳು.

"ನಾನು ಒಳಗೆ ಹೋಗಿದ್ದೆ. ಬಾಗಿಲಿಗೆ ಚಿಲಕ ಹಾಕಲಿಲ್ಲ. ಅದು ನನ್ನ ತಪ್ಪು, ಸಾಯೋವರೆಗೂ ನಾನೇ ಹೊರ್ತೀನಿ. ಅದರ ಮೇಲೆ ಅವರ ತಪ್ಪನ್ನೂ ಹೊರು ಅನ್ಬೇಡ ಕಣೋ. ನನ್ನ ಕೈಲಿ ಆಗಲ್ಲ."

ಚಹಾ ಆರಿಹೋಗುವವರೆಗೂ ಅವನು ಕೂತಿದ್ದ. ಆಮೇಲೆ ಕುಡಿಯದೆ ಎದ್ದುಹೋದ.

ವಿಚಾರಣೆ ಶಾಲೆಯ ಒಂದು ಕೋಣೆಯಲ್ಲಿ ನಡೆಯಿತು. ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಅವರಲ್ಲಿ ಅರ್ಧದಷ್ಟು ಜನ ಈಜಕ್ಕನ ಶಿಷ್ಯರೇ, ಒಬ್ಬರೂ ಅವಳ ಕಡೆ ನೋಡಲಿಲ್ಲ. ಯಾಕಮ್ಮನ ತಾಯಿ ಕಿಟಕಿಯ ಪಕ್ಕ ಒಬ್ಬಳೇ ಕೂತಿದ್ದಳು. ಅಧಿಕಾರಿ ಒರಟನೇನಲ್ಲ. ಅಮ್ಮ, ನಿಧಾನವಾಗಿ ಹೇಳಿ ಎಂದು ಕುರ್ಚಿ ಕೊಡಿಸಿದ. ಮಗು ನಿಮ್ಮ ಕಣ್ಣು ತಪ್ಪಿಸಿ ಹೋದದ್ದು ನಿಜವೇ ಎಂದು ಕೇಳಿದ. ನಿಜ ಎಂದಳು. ನೀರಿಗೆ ಬಿದ್ದದ್ದು ನಿಜವೇ ಎಂದ. ಅದೂ ನಿಜ ಎಂದಳು.

"ಆದ್ರೆ ಮುಳುಗಿ ಸಾಯ್ಲಿಲ್ಲ ಸ್ವಾಮಿ. ನನ್ನ ತೊಡೆ ಮೇಲೆ ಕೂತು ಮಾತಾಡಿದ್ಲು. ಚಪ್ಪಲಿ ಹೋಯ್ತು, ಅಮ್ಮ ಬೈತಾಳೆ ಅಂದ್ಲು. ಗಂಟಲು ಯಾಕೆ ಉರಿಯುತ್ತೆ ಅಂತ ಕೇಳಿದ್ಲು. ನಾನು ಉತ್ತರ ಹೇಳಲಿಲ್ಲ. ಈಗ ನೀವು ಬರ್ಕೊಳ್ಳಿ, ಹೊಳೇಲಿ ಇರೋದು ನೀರಲ್ಲ."

ಇನ್ನೂ ಏನೋ ಹೇಳಬೇಕೆಂದಿದ್ದಳು, ಕೆಮ್ಮು ಬಿಡಲಿಲ್ಲ. ಅವಳು ಕುರ್ಚಿಯ ಅಂಚು ಹಿಡಿದು ಬಗ್ಗಿ ಕೆಮ್ಮುವುದನ್ನೇ ಎಲ್ಲರೂ ಕೇಳುತ್ತ ಕೂತರು. ತಲೆ ಎತ್ತಿದಾಗ ಬಾಗಿಲಲ್ಲಿ ತಮ್ಮ ನಿಂತಿರುವುದು ಕಾಣಿಸಿತು. ಕೆಲಸದ ಬಟ್ಟೆಯಲ್ಲೇ ಬಂದಿದ್ದ. ಅಧಿಕಾರಿ ಅವನನ್ನೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದ. ಅವನ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಕಿಟಕಿಯ ಪಕ್ಕ ಕೂತಿದ್ದ ತಾಯಿ ಎದ್ದು, ಯಾರ ಮುಖವನ್ನೂ ನೋಡದೆ ಅವನ ಪಕ್ಕದಿಂದಲೇ ಹಾದು ಹೊರಗೆ ಹೋದಳು.

ಡಾಕ್ಟರೂ ತಾವು ಕಂಡದ್ದನ್ನು ಹೇಳಿದರು. ವಿಚಾರಣೆಯ ಮೇಲೆ ಕಂಪನಿಯ ಕಾರ್ಖಾನೆಗಳಿಗೆಲ್ಲ ಬೀಗ ಬಿತ್ತು. ಚಿಮಣಿ ತಣ್ಣಗಾಯಿತು. ಒಂದಿಷ್ಟು ದಿನ ಬಟ್ಟೆ ಬೆಳ್ಳಗೆ ಒಣಗಿತು, ಕಿಟಕಿಗಳು ತೆರೆದವು. ಆದರೆ ಸಂಬಳವಿಲ್ಲದ ಮನೆಗಳಲ್ಲಿ ಆ ಒಳ್ಳೆಯ ಗಾಳಿಯನ್ನು ಯಾರೂ ಗಮನಿಸಲಿಲ್ಲ. ಅಂಗಡಿಗೆ ಹೋದರೆ ಈಜಕ್ಕನ ಸರದಿ ಬರುತ್ತಿರಲಿಲ್ಲ. ಅವಳು ಕೂತ ಬೆಂಚಿನಿಂದ ಜನ ಮೆಲ್ಲಗೆ ಏಳುತ್ತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳೂ ಒಂದು ಮಾತು ತಿರುಗಿ ಆಡಬಹುದಿತ್ತು. ಬೇಕರಿಯವನು ಮಾತ್ರ ಹಳೆ ಬ್ರೆಡ್ಡು ಎಂದು ಸುಳ್ಳು ಹೇಳಿ ಹೊಸ ಬ್ರೆಡ್ಡನ್ನೇ ಬಾಗಿಲಿಗೆ ತಂದುಕೊಟ್ಟು ಹೋಗುತ್ತಿದ್ದ. ತಮ್ಮ ಊಟಕ್ಕೆ ಅವಳ ಮನೆಗೇ ಬರುತ್ತಿದ್ದ. ಇಬ್ಬರೂ ಎದುರುಬದುರು ಕೂತು ಉಣ್ಣುವರು. ಒಂದು ದಿನ ಕೈ ತೊಳೆಯುತ್ತ, ಅವತ್ತು ಶಾಲೆಯಲ್ಲಿ ಬಾಯಿ ಬರಲಿಲ್ಲ ಅಕ್ಕ ಎಂದ. ಗೊತ್ತು ಎಂದಳು ಅವಳು.

ಆಮೇಲೆ ಕಾರ್ಖಾನೆಗಳು ಮತ್ತೆ ತೆರೆದವು. ಕಂಪನಿಯವರು ಮೆಟ್ಟಿಲಿಗೆ ತಂತಿಬೇಲಿ ಹಾಕಿ, ಈಜು ನಿಷೇಧಿಸಿದೆ ಎಂದು ಫಲಕ ನಿಲ್ಲಿಸಿದರು. ಕೊಳಕು ನೀರಿಗೆ ಉದ್ದನೆಯ ಕೊಳವೆ ಹಾಕಿ, ಹೊಳೆಯ ತಿರುವಿನ ಆಚೆ, ಕೆಳಗಿನ ಹಳ್ಳಿಯ ಹತ್ತಿರ ಬಿಡತೊಡಗಿದರು. ಊರಿನ ಮುಂದೆ ನೊರೆ ಕರಗಿತು. ಜನರ ಮುಖ ಗೆಲುವಾಯಿತು. ಏನೇ ಆದರೂ ನಿನ್ನಿಂದ ಊರಿಗೆ ಒಳ್ಳೆಯದೇ ಆಯಿತು ಎಂದು ಇಬ್ಬರು ಹಳೆ ಶಿಷ್ಯರು ಮನೆಗೆ ಬಂದು ಹೇಳಿಹೋದರು. ತಮ್ಮನಿಗೆ ಕೆಲಸ ವಾಪಸು ಸಿಕ್ಕಿತು, ಅದೇ ವಾಲ್ವು. ಚಿಮಣಿಯಂತೂ ಇದ್ದಲ್ಲೇ ಇತ್ತು, ಅದಕ್ಕೆ ಯಾರೂ ಕೊಳವೆ ಹಾಕಲಿಲ್ಲ.

ಯಾಕಮ್ಮನ ತಾಯಿ ಕೆಲಸ ಬಿಟ್ಟಿದ್ದಳು. ಗಂಡನಿದ್ದ ಊರಿಗೆ ಹೊರಡುವ ಮುಂಚೆ ಒಂದು ದಿನ ಬೆಳಿಗ್ಗೆ ಈಜಕ್ಕನ ಮನೆಗೆ ಬಂದು, ಕರೆದ ಮೇಲೂ ಒಳಗೆ ಬಾರದೆ ಜಗಲಿಯಲ್ಲಿ ಕೂತಳು. ಸೆರಗಿನ ತುದಿ ಸುರುಳಿ ಸುತ್ತುತ್ತ ಮಾತು ತೆಗೆದಳು.

"ನಿಮ್ಮ ಮೇಲೆ ಸಿಟ್ಟು ಇದೆ ಅಕ್ಕ. ಇಲ್ಲ ಅಂತ ಹೇಳಲ್ಲ."

"ಇರಲಿ. ಇರಬೇಕಾದ್ದೇ."

"ಆದ್ರೆ ಅವಳು ಕೊನೇಲಿ ಯಾರ ತೊಡೆ ಮೇಲಿದ್ಲು ಅಂತ ನೆನೆಸ್ಕೊಂಡ್ರೆ..." ಎಂದವಳು ಮಾತು ಮುಗಿಸಲಿಲ್ಲ. ಈಜಕ್ಕ ಪಕ್ಕದಲ್ಲಿ ಕೂತಳು. ಇಬ್ಬರೂ ಅತ್ತರು, ಒಬ್ಬರನ್ನೊಬ್ಬರು ಮುಟ್ಟದೆ. ಕಣ್ಣು ಒರೆಸಿಕೊಂಡ ಮೇಲೆ ತಾಯಿ, ಆ ಕೊಳವೆ ಎಲ್ಲಿ ಬೀಳುತ್ತದೆ, ನನಗೆ ನೋಡಬೇಕು ಎಂದಳು.

ಇಬ್ಬರೂ ದಡದ ದಾರಿ ಹಿಡಿದು ನಡೆದರು. ಈಜಕ್ಕ ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು, ತಾಯಿ ಕಾಯುತ್ತಿದ್ದಳು. ತಿರುವಿನ ಆಚೆ ಕೊಳವೆಯ ಬಾಯಿಂದ ಕಡುಹಸಿರು ನೀರು ಬೀಳುತ್ತಿತ್ತು. ಅದರ ಕೆಳಗೆ ಸ್ವಲ್ಪ ದೂರದಲ್ಲೇ ಹಳ್ಳಿಯ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ನೊರೆ ಹಿಡಿದು ಒಬ್ಬರಿಗೊಬ್ಬರು ಊದುತ್ತಿದ್ದವು. ಅಪರಿಚಿತರನ್ನು ಕಂಡು ಹೆಂಗಸೊಬ್ಬಳು ಒದ್ದೆ ಕೈ ಸೊಂಟಕ್ಕೆ ಒರೆಸುತ್ತ ಎದ್ದುಬಂದಳು. ನೀವು ಕಂಪನಿಯ ಕಡೆಯವರಾ ಎಂದು ಆಸೆಯಿಂದ ಕೇಳಿದಳು. ಕೊಳವೆ ಹಾಕುವಾಗ ರಸ್ತೆ ಮಾಡಿಕೊಡುತ್ತೇವೆ, ಮನೆಗೊಬ್ಬರಿಗೆ ಕೆಲಸ ಕೊಡುತ್ತೇವೆ ಎಂದು ಹೇಳಿಹೋಗಿದ್ದರಂತೆ. ತನ್ನ ತಮ್ಮನೂ ಕೆಲಸವಿಲ್ಲದೆ ಮನೆಯಲ್ಲೇ ಇದ್ದಾನೆ ಎಂದಳು.

ಈಜಕ್ಕ ಮಾತಾಡಲು ಹೋದಳು, ಕೆಮ್ಮು ಮುಂದಾಯಿತು. ಆಗ ಯಾಕಮ್ಮನ ತಾಯಿ ಮುಂದೆ ಬಂದಳು. ತಾವು ಕಂಪನಿಯವರಲ್ಲ, ತನಗೊಬ್ಬಳು ಮಗಳಿದ್ದಳು ಎಂದು ಶುರುಮಾಡಿ, ಆ ಮಧ್ಯಾಹ್ನದ್ದನ್ನೆಲ್ಲ ಹೇಳಿದಳು. ಬಟ್ಟೆ ಬಡಿಯುವ ಸದ್ದು ಒಂದೊಂದಾಗಿ ನಿಂತಿತು. ಕೇಳುತ್ತಿದ್ದ ಹೆಂಗಸು ತಿರುಗಿ ಮಕ್ಕಳನ್ನು ನೋಡಿ, ಗದರಿಸಿ ದಡಕ್ಕೆ ಹತ್ತಿಸಿದಳು. ಅವು ಮುಖ ಊದಿಸಿಕೊಂಡು ಸಾಲಾಗಿ ಕೂತವು.

"ನೀವು ಹೇಳೋದು ಸರಿ ಅಕ್ಕ," ಅಂದಳು ಆ ಹೆಂಗಸು. "ಆದ್ರೆ ನಮಗೆ ಬೇರೆ ನೀರೆಲ್ಲಿದೆ?"

ಹೆಂಗಸು ಕೊಡ ತೆಗೆದುಕೊಂಡು, ಕೊಳವೆಯಿಂದ ಆದಷ್ಟು ದೂರಕ್ಕೆ, ಆಚೆ ದಡದ ಕಡೆಗೆ ನೀರಿನಲ್ಲಿ ನಡೆದುಹೋದಳು. ಅಲ್ಲಿ ಅಂಗೈಯಿಂದ ನೊರೆ ಸರಿಸಿ, ಬಗ್ಗಿ ಕೊಡ ತುಂಬಿಸಿದಳು.